ಗೌಂಡಿ ಕಾಕಾ ಮುಚ್ಚಿದ ಹನ್ನೊಂದು ತೂತು

ಜೂನ್ 14, ಶನಿವಾರ. ಬೆಳಿಗ್ಗೆ 6.20ಕ್ಕೆ ಪತ್ರಿಕೆಗೆ ಇದನ್ನು ಬರೆಯಲು ಕೂತೆ.

ಅವರ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ವರ್ಷಗಟ್ಟಲೆ ಸಿಮೆಂಟು ಮುಟ್ಟಿ ಬೆರಳ ತುದಿ ಹೊಳೆಯ ಕಲ್ಲಿನಷ್ಟು ನುಣ್ಣಗಾಗಿತ್ತು. ರೇಷನ್ ಅಂಗಡಿಯ ಯಂತ್ರ ಅದನ್ನು ಗುರುತಿಸುತ್ತಿರಲಿಲ್ಲ. "ಬೆರಳ ಐತಿ, ಗುರ್ತ ಹೋಗೈತಿ ನೋಡಪಾ" ಎಂದು ಅಂಗಡಿಯವನ ಮುಂದೆ ನಗುತ್ತಿದ್ದರು.

ಸಂಕೇಶ್ವರದ ಹತ್ತಿರ ನಮ್ಮೂರಿನಲ್ಲಿ ಅವರದು ನಮ್ಮ ಪಕ್ಕದ ಮನೆ. ಮೂಲತಃ ಮೂಡಲಗಿ ಕಡೆಯವರು, ಕಟ್ಟಡ ಕಟ್ಟುವ ಗೌಂಡಿ. ನಮಗೆಲ್ಲ ಗೌಂಡಿ ಕಾಕಾ. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಹೈಸ್ಕೂಲಿಗೆ ಹೊಸ ಕೋಣೆ ಕಟ್ಟಲು ಬಂದರು. ಊಟದ ಬಿಡುವಿನಲ್ಲಿ ಇಟ್ಟಿಗೆ ರಾಶಿಯ ಮೇಲೆ ಕೂತು ಎಲ್ಲರಿಗೂ ಒಂದೇ ಪ್ರಶ್ನೆ: "ಎಸ್ಸೆಸ್ಸೆಲ್ಸಿ ಮುಗಿದ ಮ್ಯಾಲೆ ಏನ್ ಮಾಡಾವ್ರು?"

ಪೊಲೀಸ್ ಆಗುತ್ತೇನೆಂದ ಹುಡುಗನಿಗೆ, "ಆಗಪಾ, ಒಬ್ಬಾಂವನ ಹೆಸರ ಕೊಡ್ತೇನಿ, ಒಳಗ ಹಾಕು" ಎಂದರು. ಗೊತ್ತಿಲ್ಲ ಎಂದವರನ್ನು ಮಾತ್ರ ಹತ್ತಿರ ಕೂರಿಸಿಕೊಳ್ಳುತ್ತಿದ್ದರು.

"ಸಿವಿಲ್ ಇಂಜಿನಿಯರ್ ಆಗ್ರಿ. ಎರಡ ದಾರಿ ಅದಾವ. ಹತ್ತನೇದ ಮುಗಿಸಿ ಮೂರು ವರ್ಷ ಡಿಪ್ಲೊಮಾ, ಮುಂದ ಬೇಕಂದ್ರ ಬಿ.ಇ. ಎರಡನೇ ವರ್ಷಕ್ಕ ಸೇರಬಹುದು. ಇಲ್ಲಂದ್ರ ಪಿಯುಸಿ ಸೈನ್ಸ್ ಓದಿ ಸಿಇಟಿ ಬರೀರಿ. ಗಣಿತ ಮಾತ್ರ ಕೈ ಬಿಡಬ್ಯಾಡ್ರಿ."

ಅವರು ಓದಿದ್ದು ನಾಲ್ಕನೆಯ ತರಗತಿ. ಇದನ್ನೆಲ್ಲ ಕಾಲೇಜಿನ ಗುಮಾಸ್ತರನ್ನು ಕೇಳಿ ಬಾಯಿಪಾಠ ಮಾಡಿಕೊಂಡಿದ್ದರು. ನನ್ನ ಡೈರಿಯ ಪ್ರಕಾರ ಆ ಮೂರು ತಿಂಗಳಲ್ಲಿ 31 ಮಂದಿಗೆ ಹೇಳಿದರು. ಸಿವಿಲ್ ಸೇರಿದವರು ನಾಲ್ವರು, ನನ್ನನ್ನೂ ಹಿಡಿದು.

"ನಮ್ಮ ಮ್ಯಾಲೆ ಇಷ್ಟ್ಯಾಕ ಕಾಳಜಿರಿ ಕಾಕಾ?" ಎಂದು ಒಮ್ಮೆ ಕೇಳಿದೆ.

"ಕಾಳಜಿ ಅಲ್ಲ ತಂಗಿ, ಸೇಡು" ಎಂದರು. ಆಮೇಲೆ ಕತೆ ಹೇಳಿದರು.

ಗೋಕಾಕ ಕಡೆ ಒಂದು ಶಾಲೆಯ ಹಿಂದೆ ಗುಡ್ಡದ ಮಣ್ಣು ಜಾರದಂತೆ ತಡೆಗೋಡೆ ಕಟ್ಟಿದ್ದರು. ಹಿಂದಿನ ನೀರು ಹರಿದುಹೋಗಲೆಂದು ಗೋಡೆಯ ಬುಡದಲ್ಲಿ ಹನ್ನೊಂದು ಪೈಪು ಇಟ್ಟು ತೂತು ಬಿಟ್ಟಿದ್ದರು. ಉದ್ಘಾಟನೆಗೆ ಎರಡು ದಿನ ಇದ್ದಾಗ ಮಳೆಯಾಗಿ, ಹೊಸ ಬಣ್ಣದ ಮೇಲೆ ಕೆಂಪು ನೀರು ಇಳಿಯಿತು.

"ದೊಡ್ಡವ್ರು ಬರ್ತಾರ, ಗ್ವಾಡಿ ಹೊಲಸ ಕಾಣ್ತೈತಿ. ತೂತ ಮುಚ್ಚು" ಎಂದ ಇಂಜಿನಿಯರ್.

"ಸಾಹೇಬ್ರ, ನೀರಿಗೆ ದಾರಿ ಬೇಕ್ರಿ."

"ಇಂಜಿನಿಯರ್ ನೀನೋ ನಾನೋ?"

ಕಾಕಾ ಸಿಮೆಂಟು ಕಲಸಿ ಹನ್ನೊಂದನ್ನೂ ಮುಚ್ಚಿದರು. ಮುಂದಿನ ಮಳೆಗಾಲದಲ್ಲಿ ಹಿಂದಿನ ಮಣ್ಣು ನೀರು ಕುಡಿದು ಉಬ್ಬಿ ಗೋಡೆ ಮಲಗಿತು. ಭಾನುವಾರವಾದ್ದರಿಂದ ಮಕ್ಕಳಿರಲಿಲ್ಲ. ಇಂಜಿನಿಯರ್ ವರದಿ ಬರೆದ: ನೀರು ಹೋಗಲು ಗೌಂಡಿ ತೂತು ಬಿಟ್ಟಿರಲಿಲ್ಲ.

ಅಲ್ಲಿಂದ ಆ ಕಡೆ ಯಾರೂ ಅವರನ್ನು ಕೆಲಸಕ್ಕೆ ಕರೆಯಲಿಲ್ಲ. ಹಾಗೆ ನಮ್ಮ ಹುಕ್ಕೇರಿ ತಾಲ್ಲೂಕಿಗೆ ಬಂದರು.

"ಮುಚ್ಚಿದ ಕೈ ನಂದು. ಅದಕ್ಕ ಬಾಯಿ ಬಿಡಲಿಲ್ಲ. ಆಗೂದಿಲ್ಲ ಅನ್ನಾಕ ಒಂದ್ ಸರ್ಟಿಫಿಕೇಟ್ ಬೇಕಿತ್ತು ತಂಗಿ. ಅದು ನಿಮಗ ಸಿಗಲಿ. ಅಂಥಾವನ ಎದುರಿಗೆ ನಿಂತು ಆಗೂದಿಲ್ಲ ಅನ್ರಿ."

ಡಿಪ್ಲೊಮಾ ಕೈಗೆ ಬಂದ ವಾರ ನಾನು ಆ ಇಂಜಿನಿಯರ್ ಮನೆಗೆ ಹೋದೆ. ನಿವೃತ್ತನಾಗಿ ಗೋಕಾಕದಲ್ಲೇ ಇದ್ದ. ಮಾವಿನ ಗಿಡದ ನೆರಳಲ್ಲಿ ಕುರ್ಚಿ ಹಾಕಿಸಿ, ಚಹಾ ತರಿಸಿದ. ನಾನು ಆ ಗೋಡೆಯ ಮಾತೆತ್ತಿದೆ.

"ಆ ಗೌಂಡಿ ತೂತ ಬಿಟ್ಟಿರಲಿಲ್ಲ ಯವ್ವಾ. ವರದಿಯೊಳಗ ಐತಿ."

"ಬಿಟ್ಟಿದ್ರು. ನೀವು ಮುಚ್ಚಿಸಿದ್ರಿ."

"ಸಾಕ್ಷಿ?" ಎಂದು ನಕ್ಕ. "ನೌಕರಿ ಹಿಡಿಯೋ ವಯಸ್ಸು, ಇಂಥಾದ್ರಾಗ ಬೀಳಬ್ಯಾಡ ಯವ್ವಾ."

ನಾನು ಚಹಾ ಮುಟ್ಟಲಿಲ್ಲ. ಡೈರಿ ತೆಗೆದು ಗಡಿಯಾರ ನೋಡಿ, 4.35 ಎಂದು ಹಾಕಿ, ಬರೆಯತೊಡಗಿದೆ.

"ಏನ ಬರ್ಯಾಕತ್ತಿ?"

"ನೀವು ಅಂದದ್ದುರಿ. ಅಕ್ಷರ ಬಿಡದಂಗ."

ಅವನು ಚಹಾದ ಬಸಿ ಕೆಳಗಿಟ್ಟು, "ಆ ಹಾಳಿ ಹರದ ಕೊಡು" ಎಂದು ಕೈ ಚಾಚಿದ. ನನಗೆ ಖುಷಿಯಾಯಿತು. ಅದನ್ನೂ ಅಂದೇ ಬರೆದುಕೊಂಡಿದ್ದೇನೆ.

ಕಾಕಾ ಆಗ ಹಾಸಿಗೆ ಹಿಡಿದಿದ್ದರು. ಉಸಿರಾಡುವುದೇ ಕಷ್ಟವಾಗಿತ್ತು. ನಡೆದದ್ದನ್ನು ಹೇಳಿದೆ.

"ಹೆದರಿದನಾ?"

"ಹೆದರಿದನ್ರಿ ಕಾಕಾ."

"ಅಷ್ಟ ಸಾಲೂದಿಲ್ಲ" ಎಂದರು.

ಅದಾಗಿ ಹದಿನೆಂಟನೆಯ ದಿನ ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ ಓಣಿಯ ಹಿರಿಯರೊಬ್ಬರು, "ಹ್ವಾದವ್ರ ಸಂಗಟ ಅದೂ ಹೋತು, ಬಿಡವಾ" ಎಂದರು. ಹೋಗಿಲ್ಲ. ವರದಿ ಕಚೇರಿಯ ಕಪಾಟಿನಲ್ಲಿ ಇದೆ, ಅದರಲ್ಲಿ ಅವರ ಹೆಸರಿದೆ. ನಾನು ಸಿವಿಲ್ ಓದಿದ್ದು ಅವರಿಂದ. ಆ ಹೆಸರಿನ ಮುಂದಿನ ಸುಳ್ಳನ್ನು ಅಳಿಸುವ ತನಕ ಅವರ ಋಣ ನನ್ನ ಮೇಲಿದೆ. ಬರೆದವನು ಬದುಕಿರುವಾಗಲೇ, ಅವನ ಕಣ್ಣೆದುರೇ ಅಳಿಸಬೇಕು.

ಬಿದ್ದ ಗೋಡೆಯ ಕಲ್ಲುಗಳನ್ನು ಸುತ್ತಲಿನ ಜನ ಕಂಪೌಂಡಿಗೆ, ದನದ ಕೊಟ್ಟಿಗೆಗೆ ಹೇರಿಕೊಂಡು ಹೋದರಂತೆ. ನಾನು ಎರಡು ಸಲ ಹೋಗಿ ಹುಡುಕಿದೆ, ಸಿಗಲಿಲ್ಲ. ನಿಮ್ಮ ಹಿತ್ತಲಿನಲ್ಲಿ ಕಲ್ಲಿಗೆ, ಗಾರೆಗೆ ಅಂಟಿಕೊಂಡ ಗೇಣುದ್ದದ ಕರಿ ಪೈಪಿನ ತುಂಡು ಕಂಡರೆ, ಅದರ ಬಾಯಿಗೆ ಸಿಮೆಂಟು ತುಂಬಿದ್ದರೆ, ಒಡೆಯಬೇಡಿ, ಅವನು ಕೇಳಿದ ಸಾಕ್ಷಿ ಅದೇ. ಆ ದಿನ ಕಾಕಾ ಮುಚ್ಚುವುದನ್ನು ಕಂಡವರಿದ್ದರೂ ಸರಿ. ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಇದ್ದದ್ದು ಹನ್ನೊಂದು. ನನಗೆ ಒಂದು ಸಾಕು.