ಗಂಟೆಯಕ್ಕನ ಹೆಬ್ಬೆರಳು

ಶಾಸನಸಭೆಯಲ್ಲಿ ಮತ ಹಾಕುವ ಹೊತ್ತಾದಾಗ ಗಂಟೆ ಬಾರಿಸುವುದು ಆಕೆಯ ಕೆಲಸ. ಮರಳುಗಡಿಯಾರವನ್ನು ಬೋರಲು ಹಾಕಿ, ಗೋಡೆಯ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕು. ಮರಳು ಮುಗಿಯುವವರೆಗೂ ಗಂಟೆ. ಗಂಟೆ ನಿಲ್ಲುವವರೆಗೂ ಬಾಗಿಲು ತೆರೆದಿರುತ್ತದೆ. ನಿಂತ ಮೇಲೆ ಮಂತ್ರಿಯೇ ಬಂದರೂ ಹೊರಗೇ. ಆ ಗುಂಡಿಯೋ ಮಹಾ ಮೊಂಡು. ಅದನ್ನು ಒತ್ತಿ ಒತ್ತಿ ಹೆಬ್ಬೆರಳು ಸೊಟ್ಟಗಾಗಿತ್ತು. ಕಾವಲಿನವರಿಂದ ಹಿಡಿದು ಸಭಾಧ್ಯಕ್ಷರವರೆಗೂ ಎಲ್ಲರಿಗೂ ಆಕೆ ಗಂಟೆಯಕ್ಕ.

ಗಂಡ ಕಲ್ಲಿದ್ದಲಿನ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ಬೆಂಕಿಯ ಸದ್ದು ಕೇಳಿಯೇ ಅದರ ಜಡ್ಡು ಹೇಳುತ್ತೇನೆಂದು ಜಂಬ ಕೊಚ್ಚುವ ಒಳ್ಳೆಯ ಜೀವ. ಈ ಸಲ ಸಭೆಗೆ ಬಂದ ಮಸೂದೆ ಅವನ ಅನ್ನಕ್ಕೇ ಕೈ ಹಾಕಿತ್ತು. ಸೇತುವೆ, ರೈಲುಮಾರ್ಗ, ಗಾಳಿ ಬಿಸಿಲಿನ ವಿದ್ಯುತ್ತು ಎಲ್ಲಕ್ಕೂ ದೇಶದ ಬೊಕ್ಕಸದಿಂದ ಹಣ. ಹಳೆಯ ಸ್ಥಾವರಗಳಿಗೆ ಬೀಗ, ಕೆಲಸಗಾರರಿಗೆ ಹೊಸ ತರಬೇತಿ.

"ಈ ವಯಸ್ಸಲ್ಲಿ ನನಗೆ ಗಾಳಿ ಹಿಡಿಯೋದು ಕಲಿಸ್ತಾರಂತೆ ಕಣೇ," ಎಂದು ಅವನು ನಕ್ಕ. ನಗು ಕೆಮ್ಮಾಯಿತು.

ಮತದ ದಿನ ಎರಡೂ ಕಡೆ ಸರಿಸಮ. ಮಸೂದೆಯ ಪರವಾಗಿದ್ದ ಒಬ್ಬ ವಯಸ್ಸಾದ ಸದಸ್ಯರು ಮಾತ್ರ ಇನ್ನೂ ಬಂದಿರಲಿಲ್ಲ. ಅವರು ಬಾರದೆ ಮತ ಸಮವಾಗಿಯೇ ಉಳಿದರೆ ಮಸೂದೆ ಬಿದ್ದಂತೆಯೇ ಎಂದು ಕಾವಲಿನವರಿಗೂ ಗೊತ್ತಿತ್ತು. ಗಂಟೆಯಕ್ಕ ಗುಂಡಿ ಒತ್ತಿದಳು. ಮರಳು ಇನ್ನೊಂದು ಚಿಟಿಕೆ ಉಳಿದಿದ್ದಾಗ ಮೆಟ್ಟಿಲ ಮೇಲೆ ಅವರ ಊರುಗೋಲಿನ ಸದ್ದು ಕೇಳಿಸಿತು.

ಬೆರಳು ಎತ್ತಿದರೆ ಮುಗಿಯಿತು. ಯಾರಾದರೂ ಕೇಳಿದರೆ, ಹಳೇ ಗುಂಡಿ, ಜಾರಿತು ಎಂದರಾಯಿತು. ಗಂಡನ ಕೆಲಸ ಉಳಿಯುತ್ತದೆ. ಆಕೆಯ ಸಂಕಟವೆಲ್ಲ ಹೆಬ್ಬೆರಳಿಗೆ ಇಳಿಯಿತೋ ಏನೋ, ಇನ್ನೂ ಬಲವಾಗಿ ಒತ್ತಿ ಹಿಡಿದಳು. ಮುದುಕರು ಏದುಸಿರು ಬಿಡುತ್ತಾ ಒಳಗೆ ಹೋದ ಮೇಲೆಯೇ ಮರಳಿನ ಕೊನೆಯ ಕಣ ಬಿತ್ತು. ಮಸೂದೆ ಗೆದ್ದಿತು.

ಸಂಜೆ ಆಕೆ ಮನೆಯ ಹೊಸ್ತಿಲಾಚೆಯೇ ನಿಂತಳು. ಗಂಡ ರೇಡಿಯೋ ಆರಿಸಿ ಎದ್ದು ಬಂದ.

"ರೇಡಿಯೋದಲ್ಲಿ ನಿನ್ನ ಗಂಟೆ ಕೇಳಿಸ್ತು," ಎಂದ. "ಎಲ್ಲಿ ನಡುವೆ ನಿಂತುಬಿಡುತ್ತೋ ಅಂತ ಜೀವ ಕೈಲಿ ಹಿಡ್ಕೊಂಡು ಕೂತಿದ್ದೆ."

"ನಿಲ್ಲಿಸ್ಬೇಕಿತ್ತಾ?" ಎಂದಳು ಆಕೆ.

"ನಿಲ್ಸಿದ್ರೆ ಖುಷಿಪಡ್ತಿದ್ನೇನೋ, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ನಿನ್ನ ಮುಖ ನೋಡೋಕೆ ಆಗ್ತಿರಲಿಲ್ಲ."

ಒಳಗಿನಿಂದ ಬೋಗುಣಿಯಲ್ಲಿ ಬಿಸಿನೀರು ತಂದಿಟ್ಟು, ಆಕೆಯ ಊದಿದ ಹೆಬ್ಬೆರಳನ್ನು ಮೆಲ್ಲಗೆ ಅದರಲ್ಲಿ ಅದ್ದಿದ.

"ಹದವಾಗಿ ಕಾಯ್ಸಿದ್ದೀನಿ, ನೋಡು. ಈ ಕೆಲಸದಿಂದ ನನ್ನ ಯಾವ ಸರ್ಕಾರಾನೂ ತೆಗೆಯೋಕಾಗಲ್ಲ."