ನನಗೆ ಗೊತ್ತಿದ್ದ ಅಮೆರಿಕದ ಹಾಡು

ಇಂಗ್ಲೆಂಡಿನ ಹಾರ್ಬೋರ್ನ್‌ನ ಪಬ್ಬಿನಲ್ಲಿ ಕ್ವಿಜ್ ನಡೆದಿತ್ತು; ನಮ್ಮ ಆಸ್ಪತ್ರೆಯವರದ್ದೂ ಒಂದು ತಂಡವಿತ್ತು. ಎಪ್ಪತ್ತರ ದಶಕದಲ್ಲಿ ಅಮೆರಿಕದಲ್ಲಿ ನಂಬರ್ ಒನ್ ಆಗಿದ್ದ ಹಾಡೊಂದರ ತುಣುಕು ಕೇಳಿಸಿ, ಹಾಡಿದವರು ಯಾರೆಂದು ಕೇಳಿದರು. ನಾನು ತಕ್ಷಣ ಹೆಸರು ಹೇಳಿದೆ. ಮೈಸೂರಿನ ನಮ್ಮ ಮನೆಯಲ್ಲಿ ಅಣ್ಣ ಆ ರೆಕಾರ್ಡನ್ನು ಸವೆಯುವಷ್ಟು ಹಾಕುತ್ತಿದ್ದ. ಉತ್ತರ ಬರೆಯುತ್ತಿದ್ದ ನಮ್ಮ ವಾರ್ಡಿನ ಹಿರಿಯ ವೈದ್ಯರು, ಇಂಗ್ಲಿಷ್ ಕನ್ಸಲ್ಟೆಂಟ್, ನಕ್ಕು, ಬೇರೆ ಯಾರದೋ ಹೆಸರು ಬರೆದರು. ನಾನು ಮತ್ತೆ ಬಾಯಿ ತೆರೆದೆ. ಪಕ್ಕದಲ್ಲಿದ್ದ ದಾವಣಗೆರೆಯ ಸಹೋದ್ಯೋಗಿ ಮೆಲ್ಲಗೆ ಗದರಿದರು: “ಸುಮ್ನಿರಿ ಮೇಡಂ, ಅವರ ಹಾಡು ಅವರಿಗೆ ಗೊತ್ತಿರಲ್ವಾ?”

ಅಮೆರಿಕದ ಹಾಡು ಇವರದ್ದು ಯಾವಾಗಾಯಿತು?

ನಾನು ಹೇಳಿದ್ದೇ ಸರಿಯುತ್ತರವಾಗಿತ್ತು. ಯಾರೂ ನನ್ನತ್ತ ನೋಡಲಿಲ್ಲ. ಆಮೇಲಿನ ಪ್ರಶ್ನೆ ಭಾರತದ ಅತಿ ಎತ್ತರದ ಜಲಪಾತದ್ದು. ಈಗ ಇಡೀ ಮೇಜು ನನ್ನತ್ತ ತಿರುಗಿತು. ಖಾತ್ರಿಯಿರಲಿಲ್ಲ, ಆದರೂ “ಜೋಗ” ಎಂದೆ. ಕನ್ಸಲ್ಟೆಂಟ್ ಮರುಮಾತಿಲ್ಲದೆ ಬರೆದುಕೊಂಡರು. ಅದು ತಪ್ಪಂತೆ. “ಪರವಾಗಿಲ್ಲ ಬಿಡಿ” ಎಂದು ಎಲ್ಲರೂ ನನ್ನನ್ನು ಸಮಾಧಾನ ಮಾಡಿದರು. ಹಾಡಿನ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ.

ಈಗ ಕ್ವಿಜ್‌ಗೆ ಕರೆದಾಗಲೆಲ್ಲ ಡ್ಯೂಟಿ ರೋಟಾದ ನೆಪ ಹೇಳುತ್ತೇನೆ. ಕನ್ಸಲ್ಟೆಂಟರ ನಗು ಎಂದೋ ಮರೆತುಹೋಗಿದೆ. “ಸುಮ್ನಿರಿ” ಎಂದದ್ದು ಕನ್ನಡದಲ್ಲಿತ್ತಲ್ಲ, ಅದು ಮರೆಯುತ್ತಿಲ್ಲ.