ಕಿಸೆಯಲ್ಲಿದ್ದ ಚೀಟಿ

ಕಾಶಿನಾಥ ಬೋರ್ಡು ಓದುವುದನ್ನು ನಿಲ್ಲಿಸಿದ. ಅದೇ ಮೊದಲ ಲಕ್ಷಣ. ನನಗೆ ತಿಳಿಯಲಿಲ್ಲ.

ಅವನು ನನ್ನ ತಮ್ಮ, ನನಗಿಂತ ಎಂಟು ವರ್ಷ ಚಿಕ್ಕವನು. ನಮ್ಮ ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಹಟ ಹಿಡಿದವನೂ ಅವನೇ. "ಅಣ್ಣಾ, ಇನ್ನ ಸಮುದ್ರಾನೂ ನಮ್ದೇ ಆಯ್ತು. ಹೋಗಿ ನೋಡಿ ಬರೂಣು ನಡಿ."

ಹೊರಟೆವು. ಜೋಳದ ಗೋಣಿಚೀಲಕ್ಕೆ ಹಗ್ಗ ಹೊಲಿದು ಬೆನ್ನಿಗೆ ಹಾಕಿಕೊಂಡೆವು. ಒಳಗೆ ಒಂದೊಂದು ಕಂಬಳಿ, ಒಂದು ಲೋಟ, ಭಾಲ್ಕಿಯ ನಮ್ಮಕ್ಕ ಶರಣಮ್ಮ ಬಡಿದು ಒಣಗಿಸಿಕೊಟ್ಟ ಗಟ್ಟಿ ಕಟಕ್ ರೊಟ್ಟಿ, ಶೇಂಗಾ ಹಿಂಡಿ. ಸಿಕ್ಕಲ್ಲಿ ರೈಲಿನ ಮೂರನೇ ದರ್ಜೆ, ಕರೆದರೆ ಲಾರಿಯ ಮೂಟೆಗಳ ಮೇಲೆ, ಉಳಿದದ್ದು ನಡಿಗೆ. ಮಲಗಿದ್ದು ಗುಡಿಯ ಕಟ್ಟೆಯಲ್ಲಿ, ಸ್ಟೇಷನ್ನಿನ ಕಲ್ಲುಹಾಸಿನ ಮೇಲೆ. ಕಾಲಿಗೆ ಬೊಬ್ಬೆ ಬಂದವು. ಬಟ್ಟೆ ಒಣಗಲಿಲ್ಲ, ಬೆವರು ನಿಲ್ಲಲಿಲ್ಲ. ನಮ್ಮೂರು ಸಂತಪುರದ ಬಿಸಿಲು ಸುಡುತ್ತದೆ. ಸಮುದ್ರದ ಕಡೆಯ ಸೆಕೆ ಮೈಯನ್ನು ಬೇಯಿಸುತ್ತದೆ.

ಆದರೆ ಸುಖವೂ ಇತ್ತು. ದಾರಿಯುದ್ದಕ್ಕೂ ಕಾಶಿನಾಥ ಬೋರ್ಡು ಓದುತ್ತಿದ್ದ. ಅಂಗಡಿ, ಬಸ್ಸು, ಮೈಲಿಕಲ್ಲು, ಔಷಧದ ಜಾಹೀರಾತು, ಯಾವುದನ್ನೂ ಬಿಡುತ್ತಿರಲಿಲ್ಲ. ನಾನು ಹೂಂ ಅನ್ನುತ್ತಿದ್ದೆ, ನಾನೂ ಓದಿದೆ ಎಂಬಂತೆ.

ನನಗೆ ಕನ್ನಡ ಓದಲು ಬರುತ್ತಿರಲಿಲ್ಲ.

ಇದನ್ನು ಹೇಳುವಾಗ ಈಗಲೂ ಸಿಟ್ಟು ನೆತ್ತಿಗೇರುತ್ತದೆ. ನಾನು ಕಲಿತದ್ದು ನಾಲ್ಕು ಜಮಾತು, ಉರ್ದುವಿನಲ್ಲಿ. ನಿಜಾಮನ ಕಾಲದಲ್ಲಿ ನಮ್ಮೂರಿಗೆ ಇದ್ದದ್ದೇ ಆ ಒಂದು ಶಾಲೆ. ಆ ಲಿಪಿಯ ಮೇಲೆ ನನಗೆ ಇವತ್ತಿಗೂ ಪ್ರೀತಿ. ಜಮೀನಿನ ಕಾಗದ, ಕೋರ್ಟಿನ ಸಮನ್ಸು, ಮಕ್ಕಳ ಪತ್ರ ಓದಿಸಿಕೊಳ್ಳಲು ಊರವರು ನನ್ನ ಕಟ್ಟೆಗೆ ಬರುತ್ತಿದ್ದರು. ರಾಜ್ಯ ಬದಲಾಯಿತು, ಕಾಗದಗಳು ಬದಲಾಗತೊಡಗಿದವು, ಓದು ಬಲ್ಲವನೆನಿಸಿಕೊಂಡಿದ್ದ ನಾನು ಹೆಬ್ಬೆಟ್ಟಿನವನಾದೆ. ನನ್ನ ಮಾತು ಕನ್ನಡ, ಬೈಗುಳ ಕನ್ನಡ, ಕನಸೂ ಕನ್ನಡ. ಕಣ್ಣಿಗೆ ಮಾತ್ರ ಕನ್ನಡವಿಲ್ಲ. ನನ್ನಂಥವರು ಏನು ಮಾಡಬೇಕು ಎಂದು ಯಾರಾದರೂ ಯೋಚಿಸಿದರೇ? ಕಾಶಿನಾಥ ಅಕ್ಕನ ಮನೆಯಲ್ಲಿದ್ದು ಮಠದ ಶಾಲೆಯಲ್ಲಿ ಕನ್ನಡ ಕಲಿತಿದ್ದ. ಅಣ್ಣನೂ ಎಲ್ಲೋ ಕಲಿತಿದ್ದಾನೆ ಎಂದುಕೊಂಡಿದ್ದ. ನಾನು ಹಾಗೆಯೇ ಅಂದುಕೊಳ್ಳಲು ಬಿಟ್ಟೆ.

ಸಮುದ್ರ ಕಂಡಾಗ ಅವನು ಚೀಲ ಒಗೆದು ಓಡಿದ. ಬೊಗಸೆಯಲ್ಲಿ ನೀರು ತೆಗೆದು ಕುಡಿದೇಬಿಟ್ಟ. "ಅಣ್ಣಾ, ಖರೇನೇ ಉಪ್ಪದಲೋ!" ಇಡೀ ದಂಡೆ ನಮ್ಮನ್ನು ನೋಡಿ ನಕ್ಕಿತು. ಅಲ್ಲಿನ ಚಹಾದಂಗಡಿಯವನು ನಮ್ಮ ಊರು ಕೇಳಿ, "ಹೈದರಾಬಾದ್ ಕಡೆಯವರಾ? ಕನ್ನಡ ಚಂದ ಕಲ್ತಿದ್ದೀರಿ ಮಾರಾಯ್ರೆ" ಎಂದ. ನನ್ನ ಮೈ ಉರಿಯಿತು. ಕಾಶಿನಾಥ ಮಾತ್ರ ಕೈಮುಗಿದು, "ನೀವೂ ಚಲೋ ಕಲ್ತೀರಿ ಬಿಡ್ರಿ" ಎಂದ. ಚಹಾದಂಗಡಿಯವನು ನಕ್ಕು ಇನ್ನೊಂದು ಲೋಟ ಚಹಾ ಕೊಟ್ಟ.

ಸಿಕ್ಕ ಸಿಕ್ಕ ನೀರು ಕುಡಿದೆವು. ಬಾವಿ, ಹಳ್ಳ, ಹೋಟೆಲಿನ ತೊಟ್ಟಿ. ಬಡವನ ತಿರುಗಾಟದಲ್ಲಿ ಕುದಿಸಿದ ನೀರು ಯಾರು ಕೊಡುತ್ತಾರೆ?

ವಾಪಸು ಹೊರಟ ಮೂರನೇ ದಿನ ಅವನು ಮೌನವಾದ. ಬಸ್ಸುಗಳು ಹೋದವು, ಅವನು ಓದಲಿಲ್ಲ. ತಲೆನೋವು ಅಂದ. ಮರುದಿನ ಜ್ವರ. ನಾನು ಬೈದೆ: "ಬಿಸಲಾಗ ಕುಣದ್ರ ಮತ್ತೇನ್ ಆಗ್ತದ? ನಡಿ ನಡಿ." ಹಾಗೆ ಎರಡು ದಿನ ನಡೆಸಿದೆ. ಆಮೇಲೆ ಅವನು ರಸ್ತೆಯಲ್ಲೇ ಕುಳಿತ.

ಒಂದು ಸಣ್ಣ ಊರಿನ ಆಸ್ಪತ್ರೆಗೆ ಸೇರಿಸಿದೆ. ಟೈಫಾಯ್ಡ್ ಎಂದರು. ಕ್ಯಾಪ್ಸೂಲ್ ಶುರುವಾಯಿತು. ಏಳೆಂಟು ದಿನಕ್ಕೆ ಜ್ವರ ಇಳಿಯಿತು. ಅವನ ಕಣ್ಣು ಗುಳಿ ಬಿದ್ದಿದ್ದವು. ಎದ್ದು ನಿಂತರೆ ತೂರಾಡುತ್ತಿದ್ದ. ಇನ್ನೂ ಸ್ವಲ್ಪ ದಿನ ಇರಲಿ ಎಂದರು. ನಾನೇ ಕೇಳಲಿಲ್ಲ, ಊರಿಗೆ ಹೋಗುತ್ತೇವೆ ಎಂದೆ.

ಡಾಕ್ಟರು ಮೈಸೂರಿನ ಕಡೆಯವರು. ಒಂದು ಚೀಟಿ ಬರೆದು ನನ್ನ ಕೈಗಿಟ್ಟರು. "ಎಲ್ಲಾ ಇದರಲ್ಲಿದೆ. ಕನ್ನಡದಲ್ಲೇ ಬರೆದಿದ್ದೀನಿ. ಓದಕ್ಕೆ ಬರತ್ತಲ್ವಾ?"

"ಬರ್ತದ್ರಿ."

ಒಂದೇ ಮಾತು. ಅವರು ಮುಂದಿನ ಹಾಸಿಗೆಗೆ ಹೋದರು. ಆ ನಾಲ್ಕು ಸಾಲನ್ನು ಬಾಯಲ್ಲಿ ಹೇಳಿದ್ದರೆ ಅವರ ಗಂಟಲು ಸವೆಯುತ್ತಿತ್ತೇ ಎಂದು ನಾನು ಎಷ್ಟೋ ಸಲ ಹಲ್ಲು ಕಡಿದಿದ್ದೇನೆ. ಆದರೆ ಅವರು ಕೇಳಿದ್ದರು. ಉತ್ತರ ಕೊಟ್ಟವನು ನಾನು.

ರೈಲಿನಲ್ಲಿ ಕಾಶಿನಾಥ ಕಣ್ಣು ಮುಚ್ಚಿಕೊಂಡೇ ಕೇಳಿದ. "ಏನ್ ಬರದಾರಣ್ಣ?"

"ಗುಳಿಗಿ ಹ್ಯಾಂಗ ತಗೋಬೇಕಂತ ಬರದಾರ. ನೀ ಮಲ್ಕೋ." ಗುಳಿಗೆಯ ಲೆಕ್ಕವನ್ನು ನರ್ಸಮ್ಮ ಬಾಯಲ್ಲೇ ಹೇಳಿದ್ದಳು.

ಭಾಲ್ಕಿಯಲ್ಲಿ ಇಳಿದು ಅಕ್ಕನ ಮನೆಗೆ ಹೋದೆವು. ಅಪ್ಪ ಅವ್ವ ಇಲ್ಲದ ನಮಗೆ ಅಕ್ಕನೇ ಅವ್ವ. ಅವಳು ತಮ್ಮನ ಕೆನ್ನೆ ಮುಟ್ಟಿ ಅತ್ತಳು. ಅವನಿಗೆ ಹಸಿವು. ಜ್ವರ ಬಿಟ್ಟ ಮೇಲೆ ಬರುವ ಆ ಹಸಿವನ್ನು ಕಂಡವರಿಗೇ ಗೊತ್ತು.

"ಅಕ್ಕಾ, ರೊಟ್ಟಿ ಕೊಡ. ಗಂಜಿ ಕುಡ್ದು ಕುಡ್ದು ನಾಲಿಗಿ ಸತ್ತದ."

ಅಕ್ಕ ನನ್ನತ್ತ ತಿರುಗಿದಳು. "ವೈಜು, ಡಾಕ್ಟರ ಏನಂದಾರ? ಕೊಡ್ಲೇನು?"

ನಾನು ಚೀಟಿ ತೆಗೆದೆ. ಬೆಳಕಿಗೆ ಹಿಡಿದೆ. ಎಡದಿಂದ ಬಲಕ್ಕೆ ಕಣ್ಣು ಸರಿಸಿದೆ, ಸಾಲು ಸಾಲಾಗಿ, ನಿಧಾನವಾಗಿ.

"ಏನೂ ಪಥ್ಯ ಇಲ್ಲಕ್ಕ. ಕೊಡು."

ಎರಡು ಕಟಕ್ ರೊಟ್ಟಿ ತಿಂದ. ಮುರಿಯುವಾಗಿನ ಆ ಸದ್ದು ನನ್ನ ಕಿವಿಯಿಂದ ಹೋಗಿಲ್ಲ. ಮರುದಿನವೂ ತಿಂದ.

ಮೂರನೇ ದಿನ ಬೆಳಿಗ್ಗೆ ಅವನ ಮಲದಲ್ಲಿ ರಕ್ತ ಬಿತ್ತು.

ಸ್ವಲ್ಪವಲ್ಲ. ಮುಖ ಸುಣ್ಣದಂತಾಯಿತು. ಕೈ ತಣ್ಣಗಾದವು. ಹಾಸಿಗೆ ಸಮೇತ ರೈಲಿಗೆ ಹಾಕಿಕೊಂಡು ಬೀದರಿನ ದವಾಖಾನೆಗೆ ಒಯ್ದೆವು. ಕರುಳಿನ ಹುಣ್ಣು ಸೋರುತ್ತಿದೆ ಎಂದರು. ಗ್ಲೂಕೋಸ್ ಹಚ್ಚಿದರು. ರಕ್ತ ಬೇಕೆಂದರು. ನನ್ನದು ಹೊಂದಲಿಲ್ಲ. ಅಕ್ಕನದು ಹೊಂದಿತು.

ನಾನು ವಾರ್ಡಿನ ಬಾಗಿಲಲ್ಲಿ ನಿಂತು ಕೂಗಾಡಿದೆ. ಅಷ್ಟು ಜೋರಾಗಿ ನಾನು ಜೀವನದಲ್ಲಿ ಕೂಗಿರಲಿಲ್ಲ. "ಅವ್ರು ಏನೂ ಹೇಳಿಲ್ರಿ ಡಾಕ್ಟರ್‌ಸಾಬ್! ಬೀದರದವರಂದ್ರ ಅವ್ರಿಗಿ ಮನಷ್ಯಾರೇ ಅಲ್ಲ. ರಾಜ್ಯ ಸೇರಿ ಏನ್ ಉಪಯೋಗಾತ್ರಿ? ಬಡವ್ರ ಜೀವಕ್ಕ ಕಿಮ್ಮತ್ತೇ ಇಲ್ಲೇನ್ರಿ?" ಸುತ್ತ ನಿಂತವರು ಹೌದು ಹೌದು ಎಂದರು. ನಾನು ಇನ್ನೂ ಜೋರು ಮಾಡಿದೆ.

ಡಾಕ್ಟರು ವಯಸ್ಸಾದವರು, ಬೀದರಿನವರೇ. "ಕಾಗದ ಕೊಟ್ಟಾರೇನು?" ಎಂದಷ್ಟೇ ಕೇಳಿದರು.

ನಾನು ಕಿಸೆಯ ಮೇಲೆ ಕೈಯಿಟ್ಟೆ. ಅಕ್ಕ ಹೇಳಿದಳು, "ಕೊಟ್ಟಾರ್ರಿ. ಇವನ ಕಿಸೆದಾಗ ಅದರಿ."

ಅವರು ಚೀಟಿ ತೆಗೆದುಕೊಂಡು ಎಲ್ಲರೆದುರು ಓದಿದರು. ಗಟ್ಟಿ ಪದಾರ್ಥ ಏನೂ ಕೊಡಬಾರದು. ರೊಟ್ಟಿ ಮುಟ್ಟಿಸಲೇಬಾರದು. ಗಂಜಿ, ಹಾಲು, ಎಳನೀರು ಮಾತ್ರ. ತಪ್ಪಿದರೆ ಕರುಳಿಗೆ ಅಪಾಯ.

ಅಕ್ಕ ನನ್ನನ್ನು ನೋಡಿದಳು. "ನೀ ಓದಿ ಹೇಳಿದ್ಯಲ್ಲೋ ವೈಜು."

"ನನಗ ಓದಾಕ ಬರಂಗಿಲ್ಲಕ್ಕ."

ಅವಳು ರಕ್ತ ಕೊಟ್ಟ ತೋಳನ್ನು ಹಿಡಿದುಕೊಂಡು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಐದು ದಿನ ಯಾರೂ ಏನೂ ಖಾತ್ರಿ ಹೇಳಲಿಲ್ಲ. ಆರನೇ ದಿನ ರಕ್ತ ನಿಂತಿತು. ಕಾಶಿನಾಥನಿಗೆ ಮಾತಾಡುವ ಶಕ್ತಿ ಬಂದಾಗ ನಾನೇ ಎಲ್ಲ ಹೇಳಿದೆ.

"ನನಗ ಕೇಳಿದ್ರ ಏನಾಗ್ತಿತ್ತಣ್ಣ?"

"ನೀ ನಗತಿದ್ದಿ."

"ಹೌದು, ನಗತಿದ್ದೆ. ನಕ್ಕು ಓದತಿದ್ದೆ."

ಕಾಗದ ಬದಲಿಸಿದವರ ಮೇಲೆ ನನಗಿರುವ ಸಿಟ್ಟು ಸುಳ್ಳಲ್ಲ. ನನ್ನಂತೆ ಎಷ್ಟು ಜನ ಚೀಟಿ ಹಿಡಿದು ತಲೆಯಾಡಿಸುತ್ತಿದ್ದಾರೋ. ಆದರೆ ಅಂದು ಭಾಲ್ಕಿಯಲ್ಲಿ ಕಣ್ಣು ಸರಿಸಿದವನು ನಾನೇ, ಯಾವ ಸರ್ಕಾರವೂ ಅಲ್ಲ.

ಈಗ ಬೀದರಿನ ಚಿದ್ರಿಯಲ್ಲಿ ಒಂದು ಕೋಣೆ ಹಿಡಿದಿದ್ದೇವೆ, ದವಾಖಾನೆಗೆ ಹತ್ತಿರವೆಂದು. ಅಕ್ಕ ಜೊತೆಗಿದ್ದಾಳೆ. ಮಲಗಿದಲ್ಲಿಂದಲೇ ಕಾಶಿನಾಥ ನನಗೆ ಅಕ್ಷರ ಕಲಿಸಿದ. ಪುಸ್ತಕ ಕೊಳ್ಳಲಿಲ್ಲ, ಆ ಚೀಟಿಯನ್ನೇ ಇಟ್ಟುಕೊಂಡೆವು. ಗ ಕಲಿತದ್ದು ಗಂಜಿಯಲ್ಲಿ, ರ ಕಲಿತದ್ದು ರೊಟ್ಟಿಯಲ್ಲಿ. ಇದನ್ನು ನಾನು ಹೇಳಿದ್ದೇನೆ, ಅವನು ಬರೆದುಕೊಂಡಿದ್ದಾನೆ. ಅವನು ಬದುಕಿದ್ದಾನೆ. ಅದಕ್ಕೆ ಯಾರಿಗೆ ಕೈಮುಗಿಯಬೇಕೋ ತಿಳಿಯದೆ ಎಲ್ಲರಿಗೂ ಮುಗಿಯುತ್ತೇನೆ, ಆ ಮೈಸೂರು ಡಾಕ್ಟರಿಗೂ.

ನಿನ್ನೆ ಡಾಕ್ಟರು ಹೊಸ ಚೀಟಿ ಕೊಟ್ಟರು. ಮನೆಗೆ ಬಂದ ಮೇಲೆ ಕಾಶಿನಾಥ ಅದನ್ನು ನನ್ನತ್ತ ಚಾಚಿದ. ನಾನು ಬೆರಳಿಟ್ಟು ಓದಿದೆ. ಬೆವರಿದೆ. "ಇನ್ನು... ಮೆತ್ತಗಿನ... ಅನ್ನ... ಕೊಡಬಹುದು."

"ಖರೇನಾ? ಹಂಗೇ ಬರದಾರಾ?" ಎಂದಳು ಅಕ್ಕ.

ಅವಳು ಕೇಳಿದ್ದು ನನ್ನನ್ನಲ್ಲ. ಕಾಶಿನಾಥ ಚೀಟಿಯ ಮೇಲೆ ಬಾಗಿ ನೋಡಿ, ಹೂಂ ಎಂದ.

ಆಮೇಲೆ ಅವಳು ಅಕ್ಕಿ ತೊಳೆಯಲು ಎದ್ದಳು.